ಬಲಕ್ಕೆ ತಿರುಗದ ಪಿಳ್ಳಪ್ಪ

ಹಲಸೂರಿನ ಪಿಳ್ಳಪ್ಪ ಇಪ್ಪತ್ತಾರು ವರ್ಷ ಗೋಡೆಯ ಮೇಲೆ ಬೈಕು ಓಡಿಸಿದ ಮನುಷ್ಯ. ಎಕ್ಸಿಬಿಷನ್ನುಗಳಲ್ಲಿ ಮರದ ಹಲಗೆ ಜೋಡಿಸಿ ಮೂರಾಳೆತ್ತರದ ದುಂಡು ಬಾವಿಯೊಂದನ್ನು ನಿಲ್ಲಿಸುತ್ತಿದ್ದರಲ್ಲ, ಜನ ಏಣಿ ಹತ್ತಿ ಮೇಲಿನ ಕಟಕಟೆ ಹಿಡಿದು ಒಳಗೆ ಇಣುಕುತ್ತಿದ್ದರಲ್ಲ, ಆ ಮರಣದ ಬಾವಿಯೊಳಗೆ ಸೈಲೆನ್ಸರ್ ಬಿಚ್ಚಿದ ಬೈಕಿನಲ್ಲಿ ಗಿರಗಿರನೆ ಸುತ್ತುತ್ತಿದ್ದವನು ಇವನೇ. ಕೈ ಬಿಟ್ಟು ಓಡಿಸಿದ್ದಾನೆ, ಸೀಟಿನ ಮೇಲೆ ಅಡ್ಡ ಕೂತು ಓಡಿಸಿದ್ದಾನೆ. ಒಮ್ಮೆ ಕೆಜಿಎಫ್‌ನಲ್ಲಿ ಜನ ಕಮ್ಮಿ ಬಂದಿದ್ದಾರೆಂಬ ಸಿಟ್ಟಿಗೆ ಕಡಲೆಕಾಯಿ ಸುಲಿದು ತಿನ್ನುತ್ತಲೇ ಇಡೀ ಆಟ ಮುಗಿಸಿದ್ದಾನೆ. ಇಷ್ಟೆಲ್ಲ ಮಾಡಿದವನ ಹತ್ತಿರ ಅರವತ್ತೆರಡು ತುಂಬುವವರೆಗೂ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ.

ನಗಬೇಡಿ. ಬಾವಿಯೊಳಗೆ ಯಾವ ಪೊಲೀಸಿನವನು ಬಂದು ಕೈ ಅಡ್ಡ ಹಿಡಿಯುತ್ತಾನೆ? ಊರಿಂದ ಊರಿಗೆ ಹೋಗುವಾಗ ಬೈಕುಗಳು ಲಾರಿ ಹತ್ತುತ್ತಿದ್ದವು, ಪಿಳ್ಳಪ್ಪ ಅದೇ ಲಾರಿಯಲ್ಲಿ ಹಲಗೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದ. ರಸ್ತೆಯಲ್ಲಿ ಗಾಡಿ ಓಡಿಸುವ ಪ್ರಮೇಯವೇ ಬರಲಿಲ್ಲ. ಆಮೇಲೆ ಜನ ಎಕ್ಸಿಬಿಷನ್ನಿಗೆ ಬಂದರೂ ಗೋಬಿ ಮಂಚೂರಿ ತಿಂದು ಸೆಲ್ಫಿ ಹೊಡೆದುಕೊಂಡು ವಾಪಸ್ ಹೋಗತೊಡಗಿದರು. ಬಾವಿಯ ಹಲಗೆಗಳನ್ನು ಯಾರೋ ಸೆಂಟ್ರಿಂಗ್ ಕೆಲಸದವರು ಒಯ್ದರು. ಪಿಳ್ಳಪ್ಪ ಶಿವಾಜಿನಗರಕ್ಕೆ ಬಂದು, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ವಕಾರ್ ಎಂಬವನ ಗ್ಯಾರೇಜಿಗೆ ಮೆಕ್ಯಾನಿಕ್ಕಾಗಿ ಸೇರಿಕೊಂಡ. ಮನೆಯಿಂದ ಗ್ಯಾರೇಜಿಗೆ ಬಸ್ಸು, ಗ್ಯಾರೇಜಿನಿಂದ ಮನೆಗೆ ಬಸ್ಸು.

ಗ್ಯಾರೇಜಿನಲ್ಲಿ ರಿಪೇರಿಯಾದ ಗಾಡಿಗಳ ಟ್ರಯಲ್ ನೋಡುವವನೂ ಅವನೇ, ಅದೂ ಪೊಲೀಸಿನವರು ತಲೆ ಹಾಕದ ಗಲ್ಲಿಗಳಲ್ಲೇ. ಹೊರಟು ಎಡಕ್ಕೆ ತಿರುಗಿ, ಕುರಿ ಮಾಂಸದ ಅಂಗಡಿಯ ಹತ್ತಿರ ಮತ್ತೆ ಎಡಕ್ಕೆ, ಇಡ್ಲಿ ಕ್ಯಾಂಟೀನಿನ ಹತ್ತಿರ ಇನ್ನೊಮ್ಮೆ ಎಡಕ್ಕೆ, ಮಸೀದಿ ಮೂಲೆಯಲ್ಲಿ ಮಗದೊಮ್ಮೆ ಎಡಕ್ಕೆ ತಿರುಗಿದರೆ ಗ್ಯಾರೇಜು ಬಂದೇ ಬಿಡುತ್ತಿತ್ತು. ಹದಿನೇಳು ವರ್ಷ ಇದೇ ದಾರಿ. ಇದರಲ್ಲೇನಾದರೂ ವಿಚಿತ್ರವಿದೆ ಎಂದು ವಕಾರ್‌ಗೆ ಅನ್ನಿಸಲಿಲ್ಲ, ಗಿರಾಕಿಗಳಿಗೆ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ ಪಿಳ್ಳಪ್ಪನಿಗೇ ಅನ್ನಿಸಿರಲಿಲ್ಲ.

ಇನ್ನು ಅವನ ಹೆಂಡತಿ ಆದಿಲಕ್ಷ್ಮಿಯ ವಿಷಯ. ಬಾವಿಯ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನ ಮಗಳು ಅವಳು. ಬಾಗಿಲ ಪಕ್ಕದ ಮೈಕು ಅವಳದು. "ಬನ್ನಿ ಅಣ್ಣ ಬನ್ನಿ, ಅಕ್ಕ ನೀವೂ ಬನ್ನಿ! ಗಟ್ಟಿ ಗುಂಡಿಗೆ ಇರೋರು ಮುಂದೆ ಬನ್ನಿ, ಇಲ್ದೋರು ಇರೋರ ಕೈ ಹಿಡ್ಕೊಂಡು ಬನ್ನಿ!" ಎಂದು ಕನ್ನಡದಲ್ಲಿ ಕೂಗಿ, ಉಸಿರು ತೆಗೆದುಕೊಳ್ಳದೆ ಅದನ್ನೇ ತಮಿಳಿನಲ್ಲೂ ದಖನಿಯಲ್ಲೂ ಕೂಗುತ್ತಿದ್ದಳು. ಹತ್ತೊಂಬತ್ತರ ಪಿಳ್ಳಪ್ಪ ಬಾವಿಗೆ ಇಳಿದದ್ದು ಬೈಕಿನ ಹುಚ್ಚಿಗೋ ಆ ದನಿಯ ಹುಚ್ಚಿಗೋ ಎಂಬುದು ಅವನಿಗೇ ಸರಿಯಾಗಿ ಗೊತ್ತಿಲ್ಲ. ಮದುವೆಗೆ ಮುಂಚೆ ಅವಳು ಆಗಾಗ ಇಣುಕಿ ನೋಡುತ್ತಿದ್ದಳಂತೆ. ತಾಳಿ ಕಟ್ಟಿಸಿಕೊಂಡ ಮಾರನೆಯ ದಿನದಿಂದ ಬಾವಿಗೆ ಬೆನ್ನು ಹಾಕಿ ಕೂತವಳು, ಆಟ ಮುಚ್ಚುವವರೆಗೂ ಒಂದೇ ಒಂದು ಸಲ ತಿರುಗಿ ನೋಡಲಿಲ್ಲ.

ಇದು ಪಿಳ್ಳಪ್ಪನ ಹೊಟ್ಟೆಯೊಳಗಿನ ಉರಿ. ಅಲ್ಲ, ನೀವೇ ಹೇಳಿ. ಊರೂರಿನ ಜನ ಅವನ ಕೈ ಕುಲುಕಲು ನೂಕುನುಗ್ಗಲು ಮಾಡುತ್ತಿದ್ದರು, ಹೊಸೂರಿನಲ್ಲೊಬ್ಬ ಅವನ ಹೆಸರನ್ನೇ ಮಗನಿಗೆ ಇಟ್ಟಿದ್ದ. ಕಟ್ಟಿಕೊಂಡವಳು ಮಾತ್ರ ನೋಡಲೊಲ್ಲಳು. ಇನ್ನು ಹಿಂದೆ ಕೂರುವುದಂತೂ ದೂರದ ಮಾತು. "ಒಂದೇ ಒಂದು ಸಲ ನನ್ನ ಹಿಂದೆ ಕೂತ್ಕೊಳೇ, ಊರು ಸುತ್ತಿಸ್ಕೊಂಡು ಬರ್ತೀನಿ" ಎಂದು ಮೂವತ್ತೆಂಟು ವರ್ಷಗಳಿಂದ ಕೇಳುತ್ತಲೇ ಬಂದಿದ್ದ. ಜಪ್ಪಯ್ಯ ಎಂದರೂ ಅವಳು ಒಪ್ಪಲಿಲ್ಲ. ನನ್ನ ಕೈಯ ಮೇಲೆ ಇವಳಿಗೆ ನಂಬಿಕೆಯೇ ಇಲ್ಲ ಎಂದು ಅವನು ತೀರ್ಮಾನ ಮಾಡಿಕೊಂಡಿದ್ದ, ಮಾಡಿಕೊಂಡು ಒಳಗೊಳಗೇ ಕುದಿಯುತ್ತಿದ್ದ.

ಕಳೆದ ವರ್ಷ ಆದಿಲಕ್ಷ್ಮಿಯ ಎಡ ಮಂಡಿ ಕೈಕೊಟ್ಟಿತು. ಕುಕ್ ಟೌನ್‌ನಲ್ಲಿರುವ ಒಬ್ಬ ಫಿಸಿಯೋಥೆರಪಿಯವರ ಹತ್ತಿರ ವಾರಕ್ಕೆ ಮೂರು ದಿನ ಹೋಗಬೇಕು ಎಂದಾಯಿತು. ಹಲಸೂರಿನಿಂದ ಕುಕ್ ಟೌನ್ ಎಷ್ಟು ಮಹಾ ದೂರ? ಆದರೆ ಬಸ್ಸಿನ ಮೆಟ್ಟಿಲು ಅವಳ ಮಂಡಿಗೆ ಎಟುಕದು. ಆಟೋದವರಿಗೆ ಅಷ್ಟು ಹತ್ತಿರದ ಬಾಡಿಗೆ ಬೇಡ, ಫೋನಿನಲ್ಲಿ ಬುಕ್ ಮಾಡಿದರೆ ಮೂಲೆಯವರೆಗೆ ಬಂದು ಕ್ಯಾನ್ಸಲ್ ಒತ್ತಿ ಮಾಯ. ಮೂರು ವಾರ ತಪ್ಪಿ ಮಂಡಿ ಇನ್ನಷ್ಟು ಊದಿತು. ಪಿಳ್ಳಪ್ಪನಿಗೆ ಇದೇ ಸಮಯ ಅನ್ನಿಸಿತು.

"ವಕಾರ್ ಹತ್ರ ಒಂದು ಹಳೇ ಸ್ಕೂಟರ್ ಇದೆ ಕಣೇ. ನಾನೇ ಎಂಜಿನ್ ಬಿಚ್ಚಿ ಕೂಡ್ಸಿದೀನಿ. ನಾನೇ ಕರ್ಕೊಂಡು ಹೋಗಿ ಬರ್ತೀನಿ, ಏನಂತೀಯ?"

"ನಿಮ್ಮ ಹಿಂದೆ ಕೂತಾ?"

"ಇನ್ನೇನು, ತಲೆ ಮೇಲಾ?"

ಆದಿಲಕ್ಷ್ಮಿ ಮೊರದಲ್ಲಿದ್ದ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಲೈಸೆನ್ಸ್ ಇದ್ಯಾ?" ಎಂದು ಕೇಳಿದಳು.

ಪಿಳ್ಳಪ್ಪನಿಗೆ ರೇಗಿತು. "ನಂಗೆ ಲೈಸೆನ್ಸಾ? ಯಾರಿಗೆ ಹೇಳ್ತಿದೀಯ ನೀನು?"

"ನಿಮಗೇ ಹೇಳ್ತಿರೋದು. ಸರ್ಕಾರದೋರು ನಿಮ್ಮನ್ನ ಕಣ್ಣಾರೆ ನೋಡಿ, ಈ ಮನುಷ್ಯ ನೆಟ್ಟಗೆ ಓಡಿಸ್ತಾನೆ ಅಂತ ಬರ್ಕೊಡ್ಲಿ. ನಂಗಂತೂ ನೋಡೋ ಧೈರ್ಯ ಇಲ್ಲ, ನನ್ನ ಬದ್ಲು ಅವ್ರಾದ್ರೂ ನೋಡ್ಲಿ. ಅವತ್ತು ಕೂತ್ಕೋತೀನಿ."

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಕೂತ್ಕೋತೀನಿ ಎಂಬ ಮಾತು ಬಂದಿತ್ತು. ಪಿಳ್ಳಪ್ಪ ಮರುದಿನವೇ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಿಕೊಂಡು ಹೊರಟ.

ಎಲ್‌ಎಲ್‌ಆರ್‌ಗೆ ಅಂದರೆ ಕಲಿಯುವವರ ಲೈಸೆನ್ಸಿಗೆ ಕಂಪ್ಯೂಟರ್ ಪರೀಕ್ಷೆ ಕೊಡಬೇಕಾಯಿತು. ವಾಹನ ಜಾರುವಂತಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ, ಇದೂ ಒಂದು ಪ್ರಶ್ನೆಯೇ ಎಂದುಕೊಂಡು, ವೇಗ ಹೆಚ್ಚಿಸಬೇಕು ಎಂಬುದನ್ನು ಒತ್ತಿದ. ಬಾವಿಯಲ್ಲಿ ನಿಧಾನ ಮಾಡಿದವನು ಬಿದ್ದ ಎಂದೇ ಲೆಕ್ಕ. ಹೇಗೋ ಒಂದು ಮಾರ್ಕಿನಲ್ಲಿ ಗೆದ್ದ. ಆರು ತಿಂಗಳ ಒಳಗೆ ಗಾಡಿ ಓಡಿಸಿ ತೋರಿಸಿ ಪಕ್ಕಾ ಲೈಸೆನ್ಸ್ ತೆಗೆದುಕೊಳ್ಳಬೇಕು ಎಂದರು. ಆರು ತಿಂಗಳು ಯಾರಿಗೆ ಬೇಕು, ಆರು ನಿಮಿಷ ಸಾಕು ಎಂದು ಪಿಳ್ಳಪ್ಪ ಗ್ಯಾರೇಜಿನಲ್ಲಿ ಎಲ್ಲರಿಗೂ ಟೀ ಕೊಡಿಸಿದ.

ಟೆಸ್ಟಿಗೆ ದಿನಾಂಕ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಆ ದಿನ ವಕಾರ್ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಟ್ರ್ಯಾಕಿಗೆ ಕರೆದುಕೊಂಡು ಹೋದ. ನೆಲದ ಮೇಲೆ ಎಂಟರ ಆಕಾರದಲ್ಲಿ ದಾರಿ ಬರೆದಿದ್ದರು. ಕಾಲು ಊರದೆ, ಒಂದು ಸೊನ್ನೆಯನ್ನು ಎಡಕ್ಕೆ ಸುತ್ತಿ, ನಡುವೆ ದಾಟಿ, ಇನ್ನೊಂದು ಸೊನ್ನೆಯನ್ನು ಬಲಕ್ಕೆ ಸುತ್ತಿ ಬಂದರೆ ಮುಗಿಯಿತು. ಹಲಗೆ ಮೇಲೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದ ಇನ್‌ಸ್ಪೆಕ್ಟರ್ ಪ್ರತಿಭಾ ಎಂಬಾಕೆ ಹುಬ್ಬಳ್ಳಿ ಕಡೆಯವರು. "ಅಜ್ಜಾರ, ಸಾವಕಾಶ ಓಡಿಸ್ರಿ. ಗಾಬರಿ ಆಗಬ್ಯಾಡ್ರಿ" ಎಂದರು. ಪಿಳ್ಳಪ್ಪ ಮೀಸೆಯೊಳಗೇ ನಕ್ಕ.

ಮೊದಲ ಸೊನ್ನೆಯನ್ನು ಅವನು ಸುತ್ತಿದ ಅಂದ ನೋಡಬೇಕಿತ್ತು. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಹೋಯಿತು ಸ್ಕೂಟರು. ಸರದಿಯಲ್ಲಿ ನಿಂತಿದ್ದ ಹುಡುಗಿಯರು ವಾವ್ ಎಂದರು. ನಡುಜಾಗ ಬಂತು, ಪಿಳ್ಳಪ್ಪ ಅದನ್ನು ಬಿಟ್ಟು ಮತ್ತೆ ಎಡಕ್ಕೇ ಸುತ್ತಿದ. ಅಭ್ಯಾಸಕ್ಕೆ ಸುತ್ತುತ್ತಿರಬೇಕು ಎಂದುಕೊಂಡರು ಇನ್‌ಸ್ಪೆಕ್ಟರು. ಮೂರನೆಯ ಸುತ್ತು, ನಾಲ್ಕನೆಯ ಸುತ್ತು, ಏಳನೆಯ ಸುತ್ತು.

"ಅಜ್ಜಾರ, ಬಲಕ್ಕ ಹೊಳ್ರಿ! ಬಲಕ್ಕ!"

ಅವನಿಗೂ ತಿರುಗಿಸಬೇಕೆಂದು ಆಸೆಯೇ. ನಡುಜಾಗ ಬಂದಾಗಲೆಲ್ಲ ಮನಸ್ಸು ಬಲ ಎನ್ನುತ್ತಿತ್ತು, ಕೈ ಎಡಕ್ಕೆ ಹೋಗುತ್ತಿತ್ತು. ಹನ್ನೊಂದನೆಯ ಸುತ್ತಿಗೆ ಇನ್‌ಸ್ಪೆಕ್ಟರು ತಾಳ್ಮೆ ಕಳೆದುಕೊಂಡು, ನಿಲ್ಲಿಸಲೆಂದು ಅವನ ಅರ್ಜಿಯ ಕಾಗದವನ್ನೇ ದಾರಿಗೆ ಅಡ್ಡವಾಗಿ ಚಾಚಿ ಹಿಡಿದರು. ಅಲ್ಲಿಗೆ ಕೆಟ್ಟಿತು ಕೆಲಸ. ಬಾವಿಯ ಕಟಕಟೆಯಿಂದ ಜನ ಹೀಗೇ ಕೈ ಚಾಚಿ ನೋಟು ಹಿಡಿಯುತ್ತಿದ್ದರು, ಸುತ್ತುವವನು ಅದನ್ನು ಕಿತ್ತು, ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈ ಬಿಟ್ಟು ಸಲಾಮು ಹೊಡೆಯಬೇಕು. ಇಲ್ಲವಾದರೆ ಕೊಟ್ಟವರಿಗೆ ಅವಮಾನ. ಪಿಳ್ಳಪ್ಪ ಕಾಗದ ಕಿತ್ತ, ಕಚ್ಚಿದ, ಕೈ ಬಿಟ್ಟ, ಸರ್ಕಾರಕ್ಕೆ ಒಂದು ಸಲಾಮು ಹೊಡೆದ. ಟ್ರ್ಯಾಕಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ವಕಾರ್ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ.

"ಯಪ್ಪಾ! ಇಲ್ಲೇನ್ ಸರ್ಕಸ್ ಮಾಡಾಕ ಬಂದೀರೇನ್ರಿ?" ಎಂದರು ಪ್ರತಿಭಾ.

ಪಿಳ್ಳಪ್ಪ ಬಾಯಿಂದ ಕಾಗದ ತೆಗೆದು, ಒದ್ದೆಯಾದ ಮೂಲೆಯನ್ನು ಅಂಗಿಗೆ ಒರೆಸಿ ಹಿಂದಿರುಗಿಸಿದ. "ಸರ್ಕಸ್ ಅಲ್ಲ ಮೇಡಂ. ಸರ್ಕಸ್‌ನೋರಿಗೆ ಕೆಳಗೆ ಬಲೆ ಇರುತ್ತೆ. ನಮ್ದು ಬಾವಿ" ಎಂದ.

ಬಾವಿಗೂ ಎಂಟಕ್ಕೂ ಸಂಬಂಧವಿಲ್ಲವೆಂದು ಆಕೆ ಫೇಲ್ ಮಾಡಿದರು. ಅದರಲ್ಲಿ ಅವರದೇನೂ ತಪ್ಪಿಲ್ಲ.

ಎರಡನೆಯ ಸಲ ಪಿಳ್ಳಪ್ಪ ಹಟ ತೊಟ್ಟು ಹೋದ. ಕೈ ಬಿಡುವುದಿಲ್ಲ, ಯಾರು ಏನು ಚಾಚಿದರೂ ನೋಡುವುದಿಲ್ಲ, ನಡುಜಾಗ ಬಂದ ತಕ್ಷಣ ಬಲಕ್ಕೆ. ನಡುಜಾಗ ಬಂತು. ಕೈಗೆ ಏನಾಯಿತೋ, ಹ್ಯಾಂಡಲ್ ಎತ್ತಲೂ ತಿರುಗದೆ ಗಟ್ಟಿಯಾಗಿ ನಿಂತಿತು. ಸ್ಕೂಟರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ಪಿಳ್ಳಪ್ಪನ ಸಮೇತ ಪಕ್ಕಕ್ಕೆ ಮಲಗಿತು. ಗೋಡೆಯ ಮೇಲೆ ಇಪ್ಪತ್ತಾರು ವರ್ಷ ಒಂದು ಗೀರೂ ಮಾಡಿಕೊಳ್ಳದ ಮನುಷ್ಯ, ಸಮತಟ್ಟು ನೆಲದ ಮೇಲೆ, ನಡೆದು ಹೋಗುವಷ್ಟು ನಿಧಾನದಲ್ಲಿ ಬಿದ್ದು ಮೊಣಕೈ ತರಚಿಕೊಂಡ. ಈ ಸಲ ಯಾರೂ ನಗಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

"ಏನಿದು ಕೈಗೆ?" ಎಂದಳು ಆದಿಲಕ್ಷ್ಮಿ, ಅವನು ಚಪ್ಪಲಿ ಬಿಡುವ ಮೊದಲೇ.

"ಗ್ಯಾರೇಜಲ್ಲಿ ತಗುಲ್ತು."

"ಗ್ಯಾರೇಜಲ್ಲಿ ತಗುಲಿದ್ರೆ ಗ್ರೀಸ್ ಇರುತ್ತೆ, ಮಣ್ಣಿರಲ್ಲ. ಬಿದ್ರಾ?" ಅವನು ಮೊಣಕೈ ಮುಚ್ಚಿಕೊಂಡದ್ದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಅರಿಶಿನ ತಂದು ಹಚ್ಚುತ್ತ, "ಸಾಕು ಬಿಡಿ. ಲೈಸೆನ್ಸೂ ಬೇಡ, ಸ್ಕೂಟ್ರೂ ಬೇಡ. ಮಂಡಿ ಹಾಳಾಗಿ ಹೋಗ್ಲಿ, ನಾನು ಮನೇಲೇ ಇರ್ತೀನಿ" ಎಂದಳು.

ಪಿಳ್ಳಪ್ಪ ಅಂದು ಊಟ ಮಾಡಲಿಲ್ಲ. ಮಂಡಿ ನೋವಿಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಹೆಂಡತಿಯನ್ನು ನೋಡಿ ಅವನಿಗೆ ಅಳುವೇ ಬಂತು. ಎಲ್‌ಎಲ್‌ಆರ್ ಮುಗಿಯಲು ಉಳಿದಿದ್ದದ್ದು ಇನ್ನು ಮೂರೇ ವಾರ. ಅದು ಮುಗಿದರೆ ಮತ್ತೆ ಮೊದಲಿನಿಂದ, ಅಷ್ಟರಲ್ಲಿ ಆದಿಲಕ್ಷ್ಮಿ ಕೊಟ್ಟ ಮಾತನ್ನು ಪೂರಾ ವಾಪಸ್ ತೆಗೆದುಕೊಂಡಿರುತ್ತಾಳೆ. ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ಇಂದಿರಾನಗರಕ್ಕೆ ಹೋದ, ಕೆಂಪರಾಜ್‌ನನ್ನು ಹುಡುಕಿಕೊಂಡು.

ಕೆಂಪರಾಜ್ ಎಂದರೆ ಬಾವಿಯಲ್ಲಿ ಅವನ ಜೋಡಿ. ಒಂದೇ ಹೊತ್ತಿಗೆ ಎರಡು ಬೈಕು ಸುತ್ತುವ ಆಟವೇ ಬಾವಿಯ ದೊಡ್ಡ ಆಟ. ಕೆಳಗಿನ ಸುತ್ತು ಪಿಳ್ಳಪ್ಪನದು, ಅವನ ತಲೆಯ ಮಟ್ಟಕ್ಕೆ ಒಂದು ಮಾರು ಮೇಲೆ, ಕಟಕಟೆಯ ಕೆಂಪು ಗೆರೆಯವರೆಗೆ, ಕೆಂಪರಾಜನದು. ಈಗ ಅವನು ಒಂದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ. ಹೊಟ್ಟೆ ಬಂದಿದೆ, ಯೂನಿಫಾರ್ಮಿನ ಮೇಲೆ ಪೀಪಿ ತೂಗುತ್ತದೆ.

"ಬಲಕ್ಕಾ?" ಎಂದು ಕೆಂಪರಾಜ್ ಕಣ್ಣರಳಿಸಿದ. "ಬಲಕ್ಕೆ ಯಾಕ್ ಮಗಾ ತಿರುಗ್ಬೇಕು?"

"ಎಂಟು ಹಾಕ್ಬೇಕಂತೆ ಕಣೋ."

"ಥೂ ಅವ್ರ. ಇಲ್ಲೂ ಅದೇ ರಾಮಾಯಣ ಗುರು. ದಿನಾ ಬಿಲ್ಡಿಂಗ್ ಸುತ್ತ ರೌಂಡ್ಸ್ ಹೊಡೀತೀನಿ ತಾನೇ, ಯಾವಾಗ್ಲೂ ಎಡಕ್ಕೇ ಹೋಗ್ತೀನಂತೆ. ಹಿಂದ್ಗಡೆ ಬಲಕ್ಕೆ ಒಂದು ಸಂದಿ, ಅದ್ರ ಕೊನೇಲಿ ಒಂದು ಚಿಕ್ಕ ಗೇಟು, ಅದು ಮೂರು ವರ್ಷದಿಂದ ಬೀಗಾನೇ ಇಲ್ದೆ ಇತ್ತಂತೆ. ಮೀಟಿಂಗ್ ಕರೆದು ಬೈದ್ರು."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಪಿಳ್ಳಪ್ಪ, ಯಾರಿಗೂ ಹೇಳದಿದ್ದ ಮಾತನ್ನು ಹೇಳಿದ. "ತಮಾಷೆ ಅಲ್ವೋ. ಹ್ಯಾಂಡಲ್ ಬಲಕ್ಕೆ ತಿರುಗ್ಸೋಕೆ ಹೋದ್ರೆ ನೀನು ಕಾಣ್ತೀಯ. ಆಟದಲ್ಲಿ ಹಾಕ್ತಿದ್ಯಲ್ಲ, ಅದೇ ಕೆಂಪು ಅಂಗಿ. ಮೈಯೆಲ್ಲ ಬೆವತು ಹೋಗುತ್ತೆ."

ಕೆಂಪರಾಜ್ ಪೀಪಿಯನ್ನು ಬೆರಳಲ್ಲಿ ತಿರುವುತ್ತ ಕೂತ. ಬಾವಿಗೆ ಇಳಿಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ಗೋಡೆಗೆ ಹತ್ತಿ ಎಡಸುತ್ತು ಸುತ್ತುವವನಿಗೆ ಬಲಗಡೆ ಎಂದರೆ ಮೇಲ್ಗಡೆ. ಹ್ಯಾಂಡಲನ್ನು ಬಲಕ್ಕೆ ಒಂದು ಬೆರಳಷ್ಟು ತಿರುಗಿಸಿದರೂ ಬೈಕು ಮೇಲಕ್ಕೆ ಏರುತ್ತದೆ, ಏರಿದರೆ ಮೊದಲು ಸಿಗುವವನು ಕೆಂಪರಾಜ್, ಅವನ ಮೇಲೆ ಕಟಕಟೆ ಹಿಡಿದು ಬಗ್ಗಿದ ಜನ, ಅವರ ಹೆಗಲ ಮೇಲಿನ ಕೂಸುಗಳು. ಬಾವಿಗೆ ಇಳಿದ ಮೊದಲ ದಿನವೇ ಉಸ್ತಾದ್ ಕಪಾಳಕ್ಕೆ ಹೊಡೆದು ಕಲಿಸುತ್ತಿದ್ದ ಪಾಠ ಒಂದೇ: ಸತ್ತರೂ ಬಲಕ್ಕೆ ತಿರುಗಿಸಬೇಡ. ಪಿಳ್ಳಪ್ಪ ಆ ಪಾಠವನ್ನು ಇಪ್ಪತ್ತಾರು ವರ್ಷ ಪಾಲಿಸಿದ್ದ. ಕೆಂಪರಾಜ್ ಇವತ್ತು ಹೊಟ್ಟೆ ಬಿಟ್ಟುಕೊಂಡು ಕುರ್ಚಿಯಲ್ಲಿ ಕೂತಿರುವುದು ಅದರಿಂದಲೇ.

"ಭಾನುವಾರ ಬರ್ತೀನಿ. ಸ್ಕೂಟರ್ ತಗೊಂಡ್ಬಾ" ಎಂದ ಕೆಂಪರಾಜ್.

ಕಮ್ಮನಹಳ್ಳಿಯಲ್ಲಿ ಒಂದು ಶಾಲೆಯ ಮೈದಾನ ಖಾಲಿ ಇತ್ತು, ವಕಾರ್ ಸ್ಕೂಟರನ್ನು ಅಲ್ಲಿಗೆ ತಂದುಕೊಟ್ಟು ಹೋದ. ಕೆಂಪರಾಜ್ ಮನೆಯಿಂದ ಹೆಂಡತಿಗೆ ಗೊತ್ತಾಗದಂತೆ ತಂದ ರಂಗೋಲಿ ಪುಡಿಯಲ್ಲಿ ದೊಡ್ಡದೊಂದು ಎಂಟು ಬರೆದ. ಎರಡು ಸೊನ್ನೆಗಳಲ್ಲಿ ಒಂದು ಕುಂಬಳಕಾಯಿ, ಇನ್ನೊಂದು ನಿಂಬೆಹಣ್ಣು. ಆಮೇಲೆ ಬಂದು ಸ್ಕೂಟರಿನ ಹಿಂದೆ ದಬಕ್ಕನೆ ಕೂತ. ಹಿಂದಿನ ಟೈರು ಅರ್ಧ ನೆಲಕ್ಕಿಳಿಯಿತು.

"ಇಳಿಯೋ, ಗಾಡಿ ಸಾಯುತ್ತೆ."

"ಸುಮ್ನೆ ಓಡಿಸು."

ಪಿಳ್ಳಪ್ಪ ಎಡಗಡೆಯ ಸೊನ್ನೆ ಸುತ್ತಿ ನಡುಜಾಗಕ್ಕೆ ಬಂದ. ಕೈ ಗಟ್ಟಿಯಾಗತೊಡಗಿತು. ಹಿಂದಿನಿಂದ ಕೆಂಪರಾಜ್ ಅವನ ಎರಡೂ ಹೆಗಲುಗಳನ್ನು ಬಿಗಿಯಾಗಿ ಹಿಡಿದುಕೊಂಡ.

"ಲೋ ಪಿಳ್ಳಾ, ನಾನೆಲ್ಲಿದೀನಿ?"

"ಹಿಂದೆ."

"ಬಲಗಡೆ ಯಾರಿದಾರೆ?"

ಪಿಳ್ಳಪ್ಪ ಬಲಗಡೆ ನೋಡಿದ. ಫುಟ್‌ಬಾಲಿನ ಗೋಲ್ ಕಂಬ ಇತ್ತು, ಅದರ ಕೆಳಗೆ ಒಂದು ನಾಯಿ ಮಲಗಿತ್ತು. "ಯಾರೂ ಇಲ್ಲ" ಎಂದ.

"ಹಂಗಾದ್ರೆ ತಿರುಗ್ಸು."

ತಿರುಗಿಸಿದ! ರಂಗೋಲಿ ಗೆರೆಯನ್ನು ದಾಟಿ, ನಾಯಿಯನ್ನು ಎಬ್ಬಿಸಿ, ಅಂಕುಡೊಂಕಾಗಿ, ಆದರೆ ಬಲಕ್ಕೆ. ಪಿಳ್ಳಪ್ಪ ಮೈದಾನ ಅದುರುವಂತೆ ಒಂದು ಕೇಕೆ ಹಾಕಿದ. ಒಮ್ಮೆ ಬಂತಲ್ಲ, ಇನ್ನು ಬಿಡುತ್ತಾನೆಯೇ? ಬಲಕ್ಕೆ, ಮತ್ತೆ ಬಲಕ್ಕೆ, ಎಂಟನ್ನೂ ಮರೆತು ಬಲಕ್ಕೇ ಇಪ್ಪತ್ತು ಮೂವತ್ತು ಸುತ್ತು ಹಾಕಿದ. ಹಿಂದೆ ಕೂತವನ ಸ್ಥಿತಿ ಅವನ ಗಮನಕ್ಕೇ ಬರಲಿಲ್ಲ. ಎಡಕ್ಕೆ ಎಷ್ಟು ಸುತ್ತಿದರೂ ಜಗ್ಗದಿದ್ದ ಕೆಂಪರಾಜನ ತಲೆ ಬಲಸುತ್ತಿಗೆ ತಡೆಯಲಿಲ್ಲ. "ನಿಲ್ಸೋ ನನ್ಮಗನೇ" ಎಂದು ಕೂಗಿ, ಇಳಿದು, ಗೋಲ್ ಕಂಬ ಹಿಡಿದು, ಬೆಳಿಗ್ಗೆ ತಿಂದ ಮೂರು ಸೆಟ್ ದೋಸೆಯನ್ನೂ ಕಕ್ಕಿಬಿಟ್ಟ.

ಮೂರನೆಯ ಟೆಸ್ಟಿಗೆ ಕೆಂಪರಾಜ್ ಯೂನಿಫಾರ್ಮಿನಲ್ಲೇ ಬಂದ. ಟೆಸ್ಟಿನಲ್ಲಿ ಹಿಂದೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲವಾದ್ದರಿಂದ ಬೇಲಿಯಾಚೆ, ಎಡಗಡೆಗೆ, ಎಲ್ಲರಿಗಿಂತ ಮುಂದೆ ನಿಂತ. ವಕಾರ್ ಗ್ಯಾರೇಜಿಗೆ ಬಾಗಿಲು ಹಾಕಿ ಬಂದಿದ್ದ. ಪ್ರತಿಭಾ ಮೇಡಂ ಪಿಳ್ಳಪ್ಪನನ್ನು ನೋಡಿದವರೇ ಅರ್ಜಿಯ ಕಾಗದವನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಎಡ ಸೊನ್ನೆ ಮುಗಿಯಿತು. ನಡುಜಾಗ ಬಂತು. ಅಯ್ಯೋ, ಮತ್ತೆ ಅದೇ. ಹಿಂದೆ ಹೆಗಲು ಹಿಡಿಯುವ ಕೈಗಳಿಲ್ಲ, ಬಲಗಡೆಗೆ ಕೆಂಪು ಅಂಗಿ ಪಟಪಟನೆ ಹಾರಾಡಿದಂತಾಯಿತು. ಪಿಳ್ಳಪ್ಪನ ಎಡಗಾಲು ನೆಲಕ್ಕೆ ಇಳಿಯಲು ಹೊರಟಿತು. ಅಷ್ಟರಲ್ಲಿ ಪೀಪಿ ಕಿವಿ ಒಡೆಯುವಂತೆ ಕೂಗಿತು.

"ಲೋ ಪಿಳ್ಳಾ! ನಾನು ಇಲ್ಲಿದೀನಿ! ಇಲ್ಲೇ ಇದೀನಿ ಕಣೋ, ಎಡಗಡೆ!"

ಪಿಳ್ಳಪ್ಪ ಕಾಲು ಎತ್ತಿಕೊಂಡ. ಹ್ಯಾಂಡಲ್ ಬಲಕ್ಕೆ ತಿರುಗಿತು. ಬಲ ಸೊನ್ನೆಯನ್ನು ಗೆರೆ ಮುಟ್ಟದೆ ಸುತ್ತಿ, ಹೊರಟ ಜಾಗಕ್ಕೆ ಬಂದು, ಬ್ರೇಕು ಹಿಡಿದು ನಿಲ್ಲಿಸಿದ. ಸರದಿಯವರು ಚಪ್ಪಾಳೆ ತಟ್ಟಿದಾಗ ಸಲಾಮಿಗೆಂದು ಬಲಗೈ ಏಳತೊಡಗಿತು. ಅದನ್ನು ಎಡಗೈಯಿಂದ ಹಿಡಿದು ಕೆಳಗಿಳಿಸಿದ.

"ಅವರ‍್ಯಾರ್ರೀ ಒದರತಿದ್ದರಲ್ಲ?" ಎಂದು ಕೇಳಿದರು ಪ್ರತಿಭಾ.

"ನನ್ನ ಜೊತೆ ಓಡಿಸ್ತಿದ್ದೋನು ಮೇಡಂ."

"ಇಲ್ಲೇ ಅದೀನಿ ಇಲ್ಲೇ ಅದೀನಿ ಅಂತ ಯಾಕ ಒದರಬೇಕು? ಅಷ್ಟು ದೊಡ್ಡ ಮನಶ್ಯಾ, ಎಲ್ಲಾರಿಗೂ ಕಾಣಸ್ತಾರಲ್ಲ."

"ನಂಗೆ ಕಾಣ್ಲಿ ಅಂತ ಮೇಡಂ" ಎಂದ ಪಿಳ್ಳಪ್ಪ. ಆಕೆಗೆ ಅರ್ಥವಾಗಲಿಲ್ಲ, ಆದರೂ ಪಾಸ್ ಎಂದು ಬರೆದರು.

ಹದಿನೈದು ದಿನಕ್ಕೆ ಕಾರ್ಡು ಅಂಚೆಯಲ್ಲಿ ಬಂತು. ಆದಿಲಕ್ಷ್ಮಿ ಕನ್ನಡಕ ಹಾಕಿಕೊಂಡು ಅದನ್ನು ಹಿಂದೆ ಮುಂದೆ ಓದಿದಳು, ಫೋಟೋವನ್ನೂ ಗಂಡನನ್ನೂ ಎರಡೆರಡು ಸಲ ಹೋಲಿಸಿ ನೋಡಿದಳು. "ನಾಳೆ ಮಂಗಳವಾರ ಹತ್ತು ಗಂಟೆಗೆ ಫಿಸಿಯೋ" ಎಂದಳು. ಅಷ್ಟೇ. ಪಿಳ್ಳಪ್ಪನಿಗೆ ಆ ದಿನವೆಲ್ಲ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಂಗಳವಾರ ಬೆಳಿಗ್ಗೆ ಗಲ್ಲಿಯ ಅರ್ಧ ಜನ ಬಾಗಿಲಿಗೆ ಬಂದು ನೋಡುತ್ತಿದ್ದ ಹಾಗೇ ಆದಿಲಕ್ಷ್ಮಿ ಇಸ್ತ್ರಿ ಸೀರೆ ಉಟ್ಟು, ಹೆಲ್ಮೆಟ್ಟಿನೊಳಗೆ ಮಲ್ಲಿಗೆ ಮುದುಡದಂತೆ ಒಂದು ಕೈ ಹಿಡಿದುಕೊಂಡು, ಮಂಡಿ ನೋವಿಗೆ ಅಯ್ಯಪ್ಪಾ ಎಂದು ಸ್ಕೂಟರಿನ ಹಿಂದೆ ಕೂತಳು. ಕಣ್ಣು ಮುಚ್ಚಿಕೊಂಡೇ ಕೂತಳು. ಪಿಳ್ಳಪ್ಪ ಗಾಡಿ ಎಬ್ಬಿಸಿದ. ಇವತ್ತು ಇವಳಿಗೆ ಓಡಿಸುವುದು ಎಂದರೇನು ಎಂದು ತೋರಿಸುತ್ತೇನೆ ಎಂದುಕೊಂಡೇ ಎಬ್ಬಿಸಿದ್ದ. ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬಂದರು. ಒಂದು ಆಟೋ ಹಾರ್ನು ಹೊಡೆದು ಮುಂದೆ ಹೋಯಿತು. ಒಬ್ಬ ಸೈಕಲ್ಲಿನವನು ಮುಂದೆ ಹೋದ. ಎಳನೀರಿನ ತಳ್ಳುಗಾಡಿಯೊಂದು ಜೊತೆಗೇ ಬರುತ್ತಿತ್ತು.

ಆದಿಲಕ್ಷ್ಮಿ ಒಂದು ಕಣ್ಣು ತೆರೆದಳು. "ಯಾಕ್ರೀ ನಿಂತ್ಬಿಟ್ವಿ?"

"ನಿಂತಿಲ್ಲ ಕಣೇ. ಹೋಗ್ತಿದೀವಿ."

"ಇದೇನಾ ಜನ ಟಿಕೆಟ್ ತಗೊಂಡು ನೋಡ್ತಿದ್ದಿದ್ದು?"

ಪಿಳ್ಳಪ್ಪ ಇನ್ನೊಂದು ಇಪ್ಪತ್ತು ಮಾರು ಹೋಗಿ, ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಎರಡೂ ಕಾಲು ಊರಿದ. ಹ್ಯಾಂಡಲ್ ಮೇಲಿದ್ದ ಅವನ ಕೈಗಳು ಗಡಗಡ ನಡುಗುತ್ತಿದ್ದವು. ಅವಳು ಬಗ್ಗಿ ನೋಡಿದಳು.

"ಏನಾಯ್ತು? ಮೈ ಹುಷಾರಿಲ್ವಾ?"

"ಭಯ ಆಗ್ತಿದೆ ಕಣೇ" ಎಂದ ಪಿಳ್ಳಪ್ಪ. ಆ ಮಾತು ಅವನ ಬಾಯಿಂದ ಹುಟ್ಟಿದಾರಭ್ಯ ಬಂದಿರಲಿಲ್ಲ. "ನೀನು ಹಿಂದೆ ಕೂತಿದೀಯ. ನಾನು ಒಂಚೂರು ತಪ್ಪಿದ್ರೂ ನಿಂಗೆ ಏಟಾಗುತ್ತೆ. ಎದೆ ಬಾಯಿಗೆ ಬಂದ ಹಂಗಾಗ್ತಿದೆ."

ಆದಿಲಕ್ಷ್ಮಿ ಸೆರಗಿನಿಂದ ಅವನ ಕತ್ತಿನ ಬೆವರು ಒರೆಸುತ್ತ ಹೇಳಿದಳು. "ದಿನಕ್ಕೆ ಎಂಟು ಆಟ. ಇಪ್ಪತ್ತಾರು ವರ್ಷ. ನಂಗೆ ಪ್ರತಿ ಆಟಕ್ಕೂ ಹಿಂಗೇ ಆಗ್ತಿತ್ತು."

ಪಿಳ್ಳಪ್ಪ ತಿರುಗಿ ಅವಳ ಮುಖ ನೋಡಿದ. ಇಷ್ಟು ವರ್ಷ ತಾನು ಏನೆಂದುಕೊಂಡಿದ್ದೆ ಎಂದು ನೆನೆದು ಅವನಿಗೆ ನೆಲ ಸೇರಿಹೋಗುವಷ್ಟು ನಾಚಿಕೆಯಾಯಿತು. "ಒಂದ್ ದಿನಾನಾದ್ರೂ ಹೇಳ್ಬಾರ್ದಿತ್ತಾ?" ಎಂದ.

"ಹೇಳಿದ್ರೆ ಆಮೇಲೆ ನಿಮ್ಮ ಕೈ ಹಿಂಗೇ ನಡುಗ್ತಿತ್ತಲ್ಲ, ಗೋಡೆ ಮೇಲೆ" ಎಂದಳು ಆದಿಲಕ್ಷ್ಮಿ.

ಅವಳು ಇನ್ನೂ ಸ್ವಲ್ಪ ಮುಂದಕ್ಕೆ ಸರಿದು ಅವನ ಸೊಂಟವನ್ನು ಬಳಸಿ ಹಿಡಿದಳು. ಪಿಳ್ಳಪ್ಪ ನಡುಕ ನಿಲ್ಲುವವರೆಗೆ ಕಾದು ಗಾಡಿ ಎಬ್ಬಿಸಿದ. ಕುಕ್ ಟೌನ್ ತಲುಪುವಾಗ ಹತ್ತೂ ಮುಕ್ಕಾಲಾಗಿತ್ತು, ಫಿಸಿಯೋಥೆರಪಿಯವರು ಇಬ್ಬರಿಗೂ ಬೈದರು.